ಪಟ್ಟಿಯಲ್ಲಿ ಇಲ್ಲದ ಕನ್ನಡಕ

ಮೂರು ಕೊಟೇಶನ್ ಇಲ್ಲದೆ ಒಂದು ಗುಂಡುಸೂಜಿಯನ್ನೂ ಕೊಂಡವನಲ್ಲ ನಾನು. ಈ ಗಲ್ಫ್ ಊರಿನ ಮುಶೈರಿಬ್ ಬಡಾವಣೆಯಲ್ಲಿರುವ ಕಟ್ಟಡ ಕಂಪನಿಯೊಂದರ ಪರ್ಚೇಸ್ ವಿಭಾಗದಲ್ಲಿ ಇಪ್ಪತ್ತೊಂದು ವರ್ಷ ಕೂತವನಿಗೆ ಅದು ಚಟವೇ ಆಗಿಬಿಡುತ್ತದೆ. ಪಂಪು, ಪೈಪು, ಕೇಬಲ್ಲು, ಕೆಲಸಗಾರರ ಬೂಟು, ಯಾವುದೇ ಇರಲಿ, ಒಂದು ಹಾಳೆಯಲ್ಲಿ ಅಡ್ಡಗೆರೆ ಉದ್ದಗೆರೆ ಎಳೆದು, ಗುಣ, ಗ್ಯಾರಂಟಿ, ಮಾಲು ತಲುಪುವ ದಿನ ಎಲ್ಲವನ್ನೂ ಹೋಲಿಸಿ ನೋಡಿದ ಮೇಲೆಯೇ ಆರ್ಡರು. ಹಾಗೆ ನಾನು ಕೊಂಡ ಲೋಡುಗಟ್ಟಲೆ ಸಾಮಾನಿನಲ್ಲಿ ಒಂದೂ ನನ್ನದಾಗಿರಲಿಲ್ಲ. ಕೇಳಿದವರು ಬೇರೆ, ಬಳಸಿದವರು ಬೇರೆ.

ಆದ್ದರಿಂದ ಐವತ್ತೆರಡನೇ ವಯಸ್ಸಿನಲ್ಲಿ, ಬಿನ್ ಒಮ್ರಾನ್‌ನ ನಮ್ಮ ಫ್ಲ್ಯಾಟಿನ ಊಟದ ಮೇಜಿನ ಮೇಲೆ, ನನಗಾಗಿ ಒಂದು ಪಟ್ಟಿ ಮಾಡಲು ಕೂತಾಗ ಆದ ಖುಷಿಯನ್ನು ಏನೆಂದು ಹೇಳಲಿ. ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೆ: ‘ಪಿಸ್ತೂಲು ಶೂಟಿಂಗ್, ಹೊಸಬನಿಗೆ ಬೇಕಾದ ಸಾಮಾನು.’ ಹೆಂಡತಿ ಚಹಾ ತಂದಿಟ್ಟು ಅದನ್ನು ಓದಿದಳು. ಅವಳು ಇಲ್ಲಿನ ಶಾಲೆಯೊಂದರಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳುವವಳು; ಯಾರ ತಪ್ಪೂ ಅವಳ ಕಣ್ಣು ತಪ್ಪಿಸುವುದಿಲ್ಲ.

“ಅರವತ್ತಕ್ಕೆ ಅರಳು ಮರಳು ಅಂತಾರೆ ಮಾರಾಯ್ರೆ. ನಿಮಗೆ ಎಂಟು ವರ್ಷ ಮೊದ್ಲೇ ಬಂತಲ್ಲ,” ಎಂದಳು.

ಆ ಮರುಳು ಹತ್ತಿದ್ದು ಆಫೀಸಿನವರ ಜೊತೆ ಹೋದ ಒಂದು ಸಂಜೆ. ಅಲ್ ಶಮಾಲ್ ಕಡೆಗೆ ಹೋಗುವ ಹೆದ್ದಾರಿಯಿಂದ ಒಳಗೆ ತಿರುಗಿದರೆ ಒಂದು ಶೂಟಿಂಗ್ ಕ್ಲಬ್ಬು. ಉಳಿದವರೆಲ್ಲ ಹತ್ತು ಗುಂಡು ಹೊಡೆದು, ಫೋಟೋ ತೆಗೆಸಿಕೊಂಡು, ಕರಕ್ ಚಹಾಕ್ಕೆ ಹೋದರು. ನಾನು ಮಾತ್ರ ಪಕ್ಕದ ಅಂಗಳದಲ್ಲಿ ನಡೆಯುತ್ತಿದ್ದುದನ್ನು ನೋಡುತ್ತ ನಿಂತೆ. ಅಲ್ಲಿ ಯಾರೂ ಗೊಂಬೆಯಂತೆ ನಿಂತು ಗುರಿ ಹಿಡಿಯುತ್ತಿರಲಿಲ್ಲ. ಬೀಪ್ ಎಂದು ಸದ್ದಾದ ಕೂಡಲೇ ಸೊಂಟದ ಬೆಲ್ಟಿನಿಂದ ಪಿಸ್ತೂಲು ಎಳೆದು, ಒಂದು ಗೋಡೆಯ ಮರೆಯಿಂದ ಇನ್ನೊಂದಕ್ಕೆ ಓಡಿ, ರಟ್ಟಿನ ಗುರಿಗಳಿಗೆ ಎರಡೆರಡು ಗುಂಡು ಹೊಡೆದು, ಓಡುತ್ತಲೇ ಗುಂಡು ತುಂಬಿದ ಮ್ಯಾಗಜೀನ್ ಬದಲಿಸುತ್ತಿದ್ದರು. ಗುರಿಗೂ ಅಂಕ, ವೇಗಕ್ಕೂ ಅಂಕ. ಇದಕ್ಕೆ ಪ್ರಾಕ್ಟಿಕಲ್ ಶೂಟಿಂಗ್ ಎನ್ನುತ್ತಾರಂತೆ. ಒಂದೇ ಒಂದು ಸಲವಾದರೂ ಆ ಅಂಗಳದಲ್ಲಿ ಸ್ಪರ್ಧಿಯಾಗಿ ನಿಲ್ಲಬೇಕು ಅನಿಸಿತು. ಮರುದಿನವೇ ಹೊಸಬರ ತರಬೇತಿಗೆ ಹೆಸರು ಕೊಟ್ಟೆ.

ಪಿಸ್ತೂಲು ಕ್ಲಬ್ಬಿನದು; ಅಲ್ಲೇ ಕೊಟ್ಟು ಅಲ್ಲೇ ವಾಪಸು ತೆಗೆದುಕೊಳ್ಳುತ್ತಾರೆ. ಮಿಕ್ಕಿದ್ದನ್ನು ನಾವೇ ಕೊಳ್ಳಬೇಕು. ಕಲಿಸುವವನು ಫಿಲಿಪೀನ್ಸಿನವನು, ಸಣ್ಣ ದನಿಯ ಮನುಷ್ಯ. ಮೊದಲ ದಿನವೇ ಇಂಗ್ಲಿಷಿನಲ್ಲಿ ಎಚ್ಚರಿಸಿದ: “ಈಗಲೇ ಏನೂ ಕೊಳ್ಳಬೇಡಿ. ಒಂದು ಗಟ್ಟಿ ಬೆಲ್ಟು ಸಾಕು. ಉಳಿದದ್ದು ಇಲ್ಲಿ ಸಾಲ ಕೊಡುತ್ತೇವೆ.” ಪರ್ಚೇಸಿನವನಿಗೆ ಕೊಳ್ಳಬೇಡಿ ಎಂದರೆ ಕೇಳುತ್ತಾನೆಯೇ?

ಎರಡು ವಾರ ನಾನು ನೆಲದ ಮೇಲೆ ಇರಲಿಲ್ಲ. ಮೊದಲು ಬೆಲ್ಟು. ಅದರಲ್ಲಿ ಎರಡು ಪದರ. ಒಳಗಿನದು ಪ್ಯಾಂಟಿನ ಲೂಪುಗಳಲ್ಲಿ, ಹೊರಗಿನದು ಅದರ ಮೇಲೆ ಚರ್ರೆಂದು ಅಂಟಿಕೊಳ್ಳುವಂಥದ್ದು. ಆಮೇಲೆ ಪಿಸ್ತೂಲು ಇಡುವ ಒರೆ. ಇದು ಆಯಾ ಪಿಸ್ತೂಲಿನ ಅಚ್ಚಿಗೇ ಸರಿಯಾಗಿ ಇರಬೇಕು, ಇಲ್ಲದಿದ್ದರೆ ಕೂರುವುದೇ ಇಲ್ಲ. ಹಾಗಾಗಿ ಕ್ಲಬ್ಬಿನ ಪಿಸ್ತೂಲಿನ ಮಾದರಿ ಕೇಳಿ ಬರೆದುಕೊಂಡೆ, ಎರಡು ಸಲ ಫೋನು ಮಾಡಿ ಖಾತ್ರಿ ಮಾಡಿಕೊಂಡೆ. ಮ್ಯಾಗಜೀನ್ ಇಡಲು ಮೂರು ಚೀಲ. ಕಿವಿಗೆ ಎಲೆಕ್ಟ್ರಾನಿಕ್ ಮುಚ್ಚಳ. ಗುಂಡಿನ ಸದ್ದನ್ನು ತಡೆದು ಮನುಷ್ಯರ ಮಾತು, ಸಣ್ಣಪುಟ್ಟ ಸದ್ದನ್ನು ಮಾತ್ರ ಜೋರಾಗಿ ಕೇಳಿಸುತ್ತದೆ. ಹಿಮ್ಮಡಿ ಜಾರದ ಶೂ. ಕನ್ನಡಕದ ಮೇಲೆ ಹಾಕುವ ರಕ್ಷಣೆಯ ಗಾಗಲ್ಸು. ಪ್ರತಿಯೊಂದಕ್ಕೂ ಮೂರು ಅಂಗಡಿ, ಮೂರು ಕಾಲಂ, ಕೊನೆಗೆ ನನ್ನದೇ ಷರಾ. ಬೆಲ್ಟು ಬಂದ ದಿನ ಲುಂಗಿಯ ಮೇಲೆಯೇ ಕಟ್ಟಿಕೊಂಡು ಹಾಲ್‌ನಲ್ಲಿ ಓಡಾಡಿದೆ. ಒರೆಯಲ್ಲಿ ಪಿಸ್ತೂಲಿನ ಬದಲು ಟಿ.ವಿ. ರಿಮೋಟು.

“ಕೂಸು ಹುಟ್ಟುವ ಮೊದ್ಲೇ ಕುಲಾವಿ,” ಎಂದಳು ಹೆಂಡತಿ. “ಮೊದ್ಲು ಪರೀಕ್ಷೆ ಪಾಸಾಗಿ. ಆಮೇಲೆ ಈ ವೇಷ.”

ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಸ್ಪರ್ಧೆಗೆ ಇಳಿಯುವ ಮೊದಲು ಒಂದು ಪರೀಕ್ಷೆ ಇತ್ತು. ಮೂರು ರಟ್ಟಿನ ಗುರಿ, ಒಂದೊಂದಕ್ಕೆ ನಾಲ್ಕರಂತೆ ಹನ್ನೆರಡು ಗುಂಡು, ನಡುವೆ ಒಮ್ಮೆ ಮ್ಯಾಗಜೀನ್ ಬದಲಿಸಬೇಕು. ಹತ್ತಾದರೂ ಒಳಗಿನ ಚೌಕದಲ್ಲಿ ಇರಬೇಕು. ಪಿಸ್ತೂಲಿನ ಬಾಯಿ ಒಂದು ಕ್ಷಣ ಹಿಂದಕ್ಕೆ ತಿರುಗಿದರೆ, ಓಡುವಾಗ ಬೆರಳು ಟ್ರಿಗರಿನ ಮೇಲೆ ಇದ್ದರೆ, ಅಲ್ಲಿಗೆ ಖಲಾಸ್. ಒಬ್ಬನಿಗೆ ಎರಡೇ ಅವಕಾಶ. ಎರಡರಲ್ಲೂ ತಪ್ಪಿದರೆ ಬಿಸಿಲುಗಾಲ ಕಳೆದು ಅಕ್ಟೋಬರಿನಲ್ಲಿ ಮತ್ತೆ ಅ ಆ ಇ ಈಯಿಂದ ಕಲಿಯಬೇಕು. ಮೇ ಕೊನೆಯಲ್ಲಿ ಹೊಸಬರ ಪಂದ್ಯವಿತ್ತು. ನನ್ನ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು.

ಮೊದಲ ಅವಕಾಶದ ಶುಕ್ರವಾರ ನಾನು ಮದುಮಗನ ಹಾಗೆ ಹೋದೆ. ನನ್ನಷ್ಟು ಚೆನ್ನಾಗಿ ಸಜ್ಜಾದವರು ಅಲ್ಲಿ ಯಾರೂ ಇರಲಿಲ್ಲ. ಒಬ್ಬ ತೆಳ್ಳಗಿನ ಶ್ರೀಲಂಕಾದವನು ಕ್ಲಬ್ಬಿನ ಸವೆದ ಬೆಲ್ಟು ಕಟ್ಟಿಕೊಂಡು ಹನ್ನೆರಡಕ್ಕೆ ಹನ್ನೆರಡು ಹೊಡೆದ. ನನ್ನದು ಐದು. ಐದೇ ಐದು. ಒಂದಂತೂ ರಟ್ಟಿಗೇ ತಾಗಿರಲಿಲ್ಲ.

ಪಿಸ್ತೂಲಿನ ಮೇಲೆ ಗುರಿ ನೋಡಲು ಇರುವ ಸೈಟು ಸರಿ ಇಲ್ಲವೇನೋ ಎಂದೆ. ಕಲಿಸುವವನು ಅದೇ ಪಿಸ್ತೂಲಿನಿಂದ ನಾಲ್ಕು ಗುಂಡು ಹೊಡೆದ. ನಾಲ್ಕನ್ನೂ ಒಂದು ಚಹಾ ಲೋಟದಿಂದ ಮುಚ್ಚಬಹುದಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನನಗೆ ನಾಚಿಕೆಯಾಯಿತು. ಆದರೆ ಅವನು ನಗಲಿಲ್ಲ. ಗುಂಡಿಲ್ಲದ ಪಿಸ್ತೂಲನ್ನು ನನ್ನ ಕೈಗೆ ಕೊಟ್ಟು, ಗುರಿ ಹಿಡಿಯಲು ಹೇಳಿ, ಪಕ್ಕದಿಂದ ನನ್ನ ಮುಖವನ್ನೇ ನೋಡುತ್ತ ನಿಂತ.

“ಸಾರ್, ಆಕಾಶದಲ್ಲಿ ವಿಮಾನ ಹೋಗುತ್ತಿದೆಯಾ?” ಎಂದು ಕೇಳಿದ.

ನಾನು ಗಲ್ಲ ಎತ್ತಿಕೊಂಡು ನಿಂತಿದ್ದೆ. ಯಾಕೆಂದರೆ ಪಿಸ್ತೂಲಿನ ತುದಿಯಲ್ಲಿರುವ ಆ ಸಣ್ಣ ಗುಬುಟು, ಮುಂದಿನ ಸೈಟು, ಗಲ್ಲ ಎತ್ತಿದರೆ ಮಾತ್ರ ನನಗೆ ಸ್ಪಷ್ಟವಾಗುತ್ತಿತ್ತು. ನನ್ನದು ಮೇಲೆ ದೂರಕ್ಕೆ, ಕೆಳಗೆ ಓದುವುದಕ್ಕೆ ಇರುವ ಕನ್ನಡಕ. ಚಾಚಿದ ಕೈಯ ತುದಿಯಷ್ಟು ದೂರಕ್ಕೆ ಅದರಲ್ಲಿ ಜಾಗವಿರುವುದು ಒಂದು ಎಳೆಯಷ್ಟು. ಒಂದೊಂದು ಗುಂಡಿಗೂ ತಲೆ ಒಂದೊಂದು ಕಡೆ ವಾಲುತ್ತಿತ್ತು, ಗುಂಡೂ ಅದರ ಜೊತೆ ಹೋಗುತ್ತಿತ್ತು. ಎಂಟನೇ ಕ್ಲಾಸಿನಿಂದ ಮೂಗಿನ ಮೇಲೆ ಕೂತಿರುವುದನ್ನು ನಾನು ಪಟ್ಟಿಗೇ ಸೇರಿಸಿರಲಿಲ್ಲ. ಕನ್ನಡಕ ಕಾಯಲು ಗಾಗಲ್ಸಿಗೆ ಮೂರು ಕೊಟೇಶನ್ ತರಿಸಿದ ಮಹಾನುಭಾವ ಕನ್ನಡಕವನ್ನೇ ಮರೆತಿದ್ದ!

“ಗುರಿ ಮಂಜಾಗಲಿ, ಪರವಾಗಿಲ್ಲ. ಸೈಟು ಮಾತ್ರ ಸ್ಪಷ್ಟವಾಗಿ ಕಾಣಬೇಕು,” ಎಂದ ಅವನು. “ಹೋಗಿ, ಕಣ್ಣು ಸರಿಮಾಡಿಕೊಂಡು ಬನ್ನಿ. ಎರಡು ವಾರ ಇದೆ.”

ನಮ್ಮ ಬೀದಿಯ ಮೂಲೆಯಲ್ಲೇ ಒಂದು ಕನ್ನಡಕದ ಅಂಗಡಿ. ನಡೆಸುವವರು ಉಳ್ಳಾಲದ ಕಡೆಯ ಬ್ಯಾರಿ, ಅವರ ತಂದೆಯ ಕಾಲದಿಂದ ಇಲ್ಲಿಯೇ ಇರುವವರು. ಕೈ ಚಾಚಿದಷ್ಟು ದೂರಕ್ಕೆ ಮಾತ್ರ ಕಾಣುವ ಕನ್ನಡಕ ಬೇಕು ಎಂದೆ.

“ಅದೆಂತದಕ್ಕೆ ಅಣ್ಣಾ? ದೂರದ್ದೂ ಕಾಣ್ಲಿಕ್ಕಿಲ್ಲ, ಪೇಪರ್ ಓದ್ಲಿಕ್ಕೂ ಆಗ್ಲಿಕ್ಕಿಲ್ಲ,” ಎಂದರು. “ದುಡ್ಡು ಕೊಟ್ಟು ಕುರುಡಾಗುದಾ?”

ವಿಷಯ ಹೇಳಿದೆ. ಅವರ ಮುಖ ಅರಳಿತು. ದಿನಾ ಅದೇ ಓದುವ ಕನ್ನಡಕ ಮಾಡಿ ಅವರಿಗೂ ಬೇಸರ ಬಂದಿತ್ತೋ ಏನೋ. ಒಳಗಿನಿಂದ ಟೇಪು ತಂದರು. ನಾನು ಕನ್ನಡಕದ ಖಾಲಿ ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದು, ಮೊಣಕಾಲು ತುಸು ಬಗ್ಗಿಸಿ, ಬಾಗಿಲ ಕಡೆಗೆ ಗುರಿ ಹಿಡಿದು ನಿಂತೆ. ಆಗಲೇ ಒಳಗೆ ಬರುತ್ತಿದ್ದ ಈಜಿಪ್ಟಿನ ದಂಪತಿ ಹೊಸ್ತಿಲಲ್ಲೇ ನಿಂತುಬಿಟ್ಟರು.

“ಸ್ವಲ್ಪ ಗೋಡೆ ಕಡೆ ತಿರುಗಿ ಅಣ್ಣಾ, ಗಿರಾಕಿಗಳು ಹೆದರ್ತಾರೆ,” ಎಂದರು ಅವರು. ಕಣ್ಣಿನಿಂದ ಡಬ್ಬಿಯ ತುದಿಯವರೆಗೆ ಟೇಪು ಹಿಡಿದರು, ಎರಡು ಸಲ ಅಳೆದರು. ಆಮೇಲೆ ಪರೀಕ್ಷೆಯ ಚೌಕಟ್ಟಿನಲ್ಲಿ ಒಂದೊಂದೇ ಗಾಜು ಹಾಕಿ ತೆಗೆಯುತ್ತ ಹೋದರು. ಐದನೆಯದೋ ಆರನೆಯದೋ ಇರಬೇಕು, ಡಬ್ಬಿಯ ಅಂಚಿನ ಹೊಲಿಗೆ ಒಂದೊಂದು ದಾರವೂ ಎಣಿಸುವ ಹಾಗೆ ಎದ್ದು ನಿಂತಿತು. ಗಲ್ಲ ಎತ್ತಬೇಕಾಗಿರಲಿಲ್ಲ. ತಲೆ ನೆಟ್ಟಗಿತ್ತು. ಗೋಡೆಯ ಮೇಲಿನ ಕ್ಯಾಲೆಂಡರು ಮಂಜಾಗಿ ಹೋಯಿತು, ಹೋಗಲಿ. ನಾನು ಅಲ್ಲಿಯೇ ನಕ್ಕುಬಿಟ್ಟೆ. ಒಡೆಯದ ಪ್ಲಾಸ್ಟಿಕ್ಕಿನಲ್ಲಿ ಮಾಡಿಕೊಡಿ, ಬೇಗ ಮಾಡಿಕೊಡಿ ಎಂದೆ. ಇನ್ನೆರಡು ಅಂಗಡಿಯಲ್ಲಿ ವಿಚಾರಿಸಬೇಕು ಎಂಬುದು ನೆನಪಿಗೂ ಬರಲಿಲ್ಲ.

ಎರಡನೇ ಅವಕಾಶದ ಶುಕ್ರವಾರ ಬೆಳಿಗ್ಗೆ ಕಾರಿನ ಕೀಲಿಯನ್ನು ಹೆಂಡತಿ ತೆಗೆದುಕೊಂಡಳು. “ನಿಮ್ಮ ಗಮನ ಎಲ್ಲೋ ಉಂಟು. ನಾನೇ ಬಿಡ್ತೇನೆ,” ಎಂದಳು. ಬಿಟ್ಟು ಹೋಗುತ್ತಾಳೆ ಎಂದುಕೊಂಡಿದ್ದೆ. ಅವಳು ಕಾರು ನಿಲ್ಲಿಸಿ, ಕ್ಲಬ್ಬಿನವರು ಕೊಟ್ಟ ಕಿವಿಮುಚ್ಚಳ, ಗಾಗಲ್ಸು ಹಾಕಿಕೊಂಡು, ಹಿಂದಿನ ಹಗ್ಗದ ಆಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಸೋತರೆ ಅವಳ ಮುಂದೆ ಸೋಲಬೇಕಲ್ಲ ಅನಿಸಿತು. ಅವಳು ಬಂದದ್ದಕ್ಕೆ ಸಂತೋಷವೂ ಆಯಿತು.

ನನ್ನ ಸರದಿ ಬಂತು. ಹೊಸ ಕನ್ನಡಕ ಹಾಕಿದೆ. ಲೋಕವೆಲ್ಲ ಮಸುಕಾಯಿತು, ಮರಳಿನ ದಿಬ್ಬ, ಆಕಾಶ, ಗುರಿಗಳು, ಎಲ್ಲ ಒಂದೇ ಬಣ್ಣ. ಮ್ಯಾಗಜೀನ್ ತುಂಬಿಸಿ ಪಿಸ್ತೂಲನ್ನು ಒರೆಗೆ ಇಳಿಸಿದೆ.

“ಸ್ಟ್ಯಾಂಡ್ ಬೈ,” ಎಂದಿತು ಹಿಂದಿನಿಂದ ಕಲಿಸುವವನ ದನಿ.

ಬೀಪ್. ಪಿಸ್ತೂಲು ಮೇಲೆ ಬಂತು. ಸೈಟು ಕಂಡಿತು, ಅದರ ಮೇಲಿನ ಬಿಳಿ ಚುಕ್ಕೆ ಕಂಡಿತು, ಚುಕ್ಕೆಯ ಅಂಚಿನಲ್ಲಿ ಬಣ್ಣ ಎದ್ದದ್ದೂ ಕಂಡಿತು. ಆಚೆ ಕಂದು ಬಣ್ಣದ ಒಂದು ಮೋಡ. ಮೋಡದ ನಡುವೆ ಚುಕ್ಕೆ ಇಟ್ಟು ಒತ್ತಿದೆ. ಮತ್ತೆ ಒತ್ತಿದೆ. ಎರಡನೇ ಮೋಡ. ಬೆರಳು ಹೊರಗೆ, ಮ್ಯಾಗಜೀನ್ ಕೆಳಗೆ ಬಿತ್ತು, ಹೊಸದು ಚಕ್ಕೆಂದು ಕೂತಿತು, ಮೂರನೇ ಮೋಡ. ಜೀವನದಲ್ಲಿ ಅಷ್ಟು ಎಚ್ಚರವಾಗಿ ನಾನು ಎಂದೂ ಇದ್ದಿಲ್ಲ. ಮುಗಿಯಿತು. ಪಿಸ್ತೂಲು ಖಾಲಿ ಮಾಡಿ ತೋರಿಸಿ, ಒರೆಗೆ ಇಳಿಸಿದೆ.

“ಯಾವ ತಪ್ಪೂ ಇಲ್ಲ,” ಎಂದ ಕಲಿಸುವವನು. ಇನ್ನು ಅಂಕ ಎಣಿಸುವುದೊಂದೇ ಬಾಕಿ. ಅವನು ಹಾಳೆ ಹಿಡಿದು ಪೆನ್ನು ಹುಡುಕುತ್ತಿದ್ದ. ನಾನು ಗುರಿಗಳ ಕಡೆ ನೋಡಿದೆ. ಏಳು ಮೀಟರಿನ ಆಚೆ ಮೂರು ಮೋಡಗಳು ನಿಂತಿದ್ದವು, ಒಂದು ತೂತೂ ಕಾಣಲಿಲ್ಲ. ಹಳೆಯ ಕನ್ನಡಕ ಕಾರಿನಲ್ಲಿ ಉಳಿದಿತ್ತು. ಪಾಸೋ ಫೇಲೋ ನನ್ನ ಎದುರಿಗೇ ಬರೆದಿತ್ತು, ನನಗೆ ಓದಲಾಗುತ್ತಿರಲಿಲ್ಲ.

ಆಗ ಹಿಂದಿನಿಂದ ಅವಳ ದನಿ ಬಂತು. ಕಿವಿ ಮುಚ್ಚಿಕೊಂಡಿದ್ದರಿಂದ ತಾನು ಎಷ್ಟು ಜೋರಾಗಿ ಮಾತಾಡುತ್ತಿದ್ದೇನೆಂಬುದು ಅವಳಿಗೆ ಗೊತ್ತಿರಲಿಲ್ಲ. ಇಡೀ ಅಂಗಳಕ್ಕೆ ಕೇಳಿಸಿತು. ಕನ್ನಡ ತಿಳಿಯುತ್ತಿದ್ದುದು ನನಗೊಬ್ಬನಿಗೆ.

“ನಿಮ್ಗೆ ಕಾಣ್ತಾ ಇಲ್ಲ ಅಲ್ವಾ? ನಾನು ಹೇಳ್ತೇನೆ, ಕೇಳಿ. ಎಡದ್ರಲ್ಲಿ ನಾಲ್ಕು, ನಾಲ್ಕೂ ಚೌಕದ ಒಳಗೆ. ನಡುವಿಂದ್ರಲ್ಲೂ ನಾಲ್ಕು.”

ಮೂರನೆಯದಕ್ಕೆ ಅವಳು ತಡೆದಳು. ಹಗ್ಗದವರೆಗೆ ಬಂದಿರಬೇಕು, ಮರಳಿನ ಮೇಲೆ ಚಪ್ಪಲಿಯ ಸದ್ದು ಕಿವಿಮುಚ್ಚಳದಿಂದಾಗಿ ನನ್ನ ಕಿವಿಯೊಳಗೇ ಆಯಿತು.

“ಬಲದ್ರಲ್ಲಿ ಒಂದು ಹೊರಗೆ. ಇನ್ನೊಂದೂ ಹೊರಗೆ,” ಎಂದಳು. “ಎರಡು ಒಳಗೆ. ತಡೀರಿ, ಇನ್ನೊಂದ್ಸಲ ನೋಡ್ತೇನೆ. ಹೌದು, ಎರಡು ಒಳಗೆ ಉಂಟು.”

ನಾನು ತಿರುಗಲಿಲ್ಲ.

“ಹತ್ತು,” ಎಂದಳು ಅವಳು. “ರೀ, ಹತ್ತಾಯ್ತು.”