ಮದ್ದಿನ ತಕ್ಕಡಿ, ತಂಗಿಯ ಧಾರೆ

ಕೋವಿಯನ್ನು ನಾನು ಈ ಜನ್ಮದಲ್ಲಿ ಒಮ್ಮೆಯೂ ಹಾರಿಸಿದವನಲ್ಲ. ದೀಪಾವಳಿಗೆ ಪಕ್ಕದ ಮನೆಯವರು ಬಿಡುವ ಗರ್ನಾಲಿನ ಸದ್ದಿಗೇ ಕಿವಿ ಮುಚ್ಚಿಕೊಂಡು ಒಳಗೆ ಓಡುತ್ತಿದ್ದ ಜಾತಿ ನನ್ನದು. ಅಂಥ ನನ್ನನ್ನು ದೋಹಾದಲ್ಲಿ ಒಬ್ಬರು ಎದುರು ಕೂರಿಸಿಕೊಂಡು, ತೋಟೆಗೆ ಮದ್ದು ತೂಗಲು ಡಿಜಿಟಲ್ ಯಂತ್ರ ಒಳ್ಳೆಯದೋ, ಕೋಲಿನ ತಕ್ಕಡಿ ಒಳ್ಳೆಯದೋ ನೋಡಿ ಹೇಳು ಎಂದರು. ಬೇರೆ ಯಾರಾದರೂ ಕೇಳಿದ್ದರೆ 'ನನಗೆಂತ ಗೊತ್ತು ಮಾರ್ರೆ' ಎಂದು ಎದ್ದು ಬರುತ್ತಿದ್ದೆ. ಕೇಳಿದವರು ನನ್ನ ಕಫೀಲರು.

ಕಫೀಲರು ಎಂದರೆ ಕೇವಲ ಯಜಮಾನರಲ್ಲ. ನನ್ನ ವೀಸಾ ಅವರ ಹೆಸರಿನಲ್ಲಿತ್ತು. ಆ ದೇಶದೊಳಗೆ ಬರಲು ಅವರ ಸಹಿ ಬೇಕಿತ್ತು, ಅಲ್ಲಿಂದ ಹೊರಗೆ ಹೋಗಲೂ ಅವರ ಸಹಿ ಬೇಕಿತ್ತು. ಟಿಕೆಟ್ ಕೈಯಲ್ಲಿದ್ದರೂ, ಪಾಸ್‌ಪೋರ್ಟ್ ಜೇಬಿನಲ್ಲಿದ್ದರೂ, ಅವರು ಸಹಿ ಮಾಡಿದ ಎಕ್ಸಿಟ್ ಪೇಪರ್ ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲಿ ನಮ್ಮನ್ನು ತಿರುಗಿಸಿ ಕಳಿಸುತ್ತಿದ್ದರು. ಎರಡು ಸಾವಿರದ ಇಸವಿ ದಾಟಿ ಕೆಲವೇ ವರ್ಷಗಳಾಗಿದ್ದ ಕಾಲ. ಇಂಡಸ್ಟ್ರಿಯಲ್ ಏರಿಯಾದಲ್ಲಿದ್ದ ಅವರ ಪೈಪು, ವಾಲ್ವುಗಳ ಗೋಡೌನಿನಲ್ಲಿ ನಾನು ಖರೀದಿ ವಿಭಾಗ. ವಿಭಾಗ ಎಂದರೆ ನಾನೊಬ್ಬನೇ.

ಆ ಮೇ ತಿಂಗಳಲ್ಲಿ ನನ್ನ ತಂಗಿಯ ಮದುವೆ ನಿಶ್ಚಯವಾಗಿತ್ತು. ಅಪ್ಪ ಹೋಗಿ ಬಹಳ ವರ್ಷಗಳಾಗಿದ್ದವು. ಧಾರೆ ಗಿಂಡಿ ಹಿಡಿದು ನೀರೆರೆಯಬೇಕಾದವನು ನಾನು. ಚಿಕ್ಕವಳಿದ್ದಾಗಲೇ ಅವಳು 'ನನ್ನ ಮದುವೆಗೆ ಅಣ್ಣನೇ ಅಪ್ಪ' ಎಂದು ಊರಿಡೀ ಹೇಳಿಕೊಂಡು ತಿರುಗಿದವಳು. ರಜೆ ಮಂಜೂರಾಗಿತ್ತು, ಟಿಕೆಟ್ ಬಂದಿತ್ತು. ಮುಶೈರಿಬ್‌ನ ಅಂಗಡಿಯಲ್ಲಿ ಅವಳಿಗೆಂದು ಆರಿಸಿದ ಸೀರೆ ಪೆಟ್ಟಿಗೆಯೊಳಗೆ ಮಡಚಿ ಕೂತಿತ್ತು. ಬಾಕಿ ಇದ್ದದ್ದು ಒಂದು ಸಹಿ ಮಾತ್ರ. ಅದನ್ನು ಕೇಳಲು ಹೋದಾಗೆಲ್ಲ ಕಫೀಲರು ತಲೆ ಎತ್ತದೆ 'ಬಾದೇನ್, ಬಾದೇನ್' ಅನ್ನುತ್ತಿದ್ದರು. ಬಾದೇನ್ ಎಂದರೆ ಆಮೇಲೆ. ಎಷ್ಟು ಆಮೇಲೆ ಎಂದು ಕೇಳುವ ಗಂಡಸು ನಮ್ಮ ಗೋಡೌನಿನಲ್ಲಿ ಇರಲಿಲ್ಲ.

ಅವರ ತಲೆ ಆಗ ಪೂರ್ತಿ ಬೇರೆ ಕಡೆ ಇತ್ತು. ಶೂಟಿಂಗ್ ಕ್ಲಬ್ಬಿನಲ್ಲಿ ಅವರಿಗೂ ಅವರ ಹೆಂಡತಿಯ ತಮ್ಮನಿಗೂ ವರ್ಷಕ್ಕೊಮ್ಮೆ ಪಂದ್ಯ. ಪ್ರತಿ ವರ್ಷವೂ ಇವರು ಸೋಲುವುದು, ಆಮೇಲೆ ಮನೆಯಲ್ಲಿ ಹೆಂಡತಿ ನಗುವುದು. ಲೈಸೆನ್ಸ್ ಇತ್ತು, ಕ್ಲಬ್ಬಿನ ಅನುಮತಿ ಇತ್ತು, ಬೆಲೆಬಾಳುವ ಕೋವಿ ಇತ್ತು. ಗುರಿ ಒಂದು ಇರಲಿಲ್ಲ. ಆದರೆ ಹಾಗೆಂದು ಹೇಳುವವರು ಯಾರು? ಕ್ಲಬ್ಬಿನ ಯಾರೋ ಪುಣ್ಯಾತ್ಮರು, ತಪ್ಪು ನಿಮ್ಮದಲ್ಲ, ಅಂಗಡಿಯ ತೋಟೆಯದ್ದು, ಒಂದರಲ್ಲಿರುವಷ್ಟು ಮದ್ದು ಇನ್ನೊಂದರಲ್ಲಿ ಇರುವುದಿಲ್ಲ, ಖಾಲಿ ಚಿಪ್ಪಿಗೆ ನೀವೇ ಮದ್ದು ತೂಗಿ ತುಂಬಿ ಗುಂಡು ಕೂರಿಸಿಕೊಳ್ಳಿ ಎಂದು ಕಿವಿಯೂದಿದ್ದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಕಫೀಲರು ನೆಲ ಸಮ ಮಾಡಲು ಹೊರಟರು.

ಗೋಡೌನಿನ ಹಿಂದಿದ್ದ ಪೋರ್ಟಾ ಕ್ಯಾಬಿನ್ ಖಾಲಿಯಾಯಿತು. ಅಲ್ಲಿ ಒಂದು ಮೇಜು, ಚಿಪ್ಪು ಒತ್ತುವ ಪ್ರೆಸ್ಸು, ಮತ್ತು ನಾನು ತರಿಸಿಕೊಟ್ಟ ಎರಡು ತೂಕದ ಸಾಮಾನು. ಒಂದು ಡಿಜಿಟಲ್. ಬಟನ್ ಒತ್ತಿದರೆ ನೀಲಿ ಬೆಳಕಿನಲ್ಲಿ ಅಂಕಿ ಮೂಡುತ್ತದೆ. ಇನ್ನೊಂದು ಕೋಲಿನ ತಕ್ಕಡಿ. ಒಂದು ತುದಿಗೆ ಚಿಕ್ಕ ಬಟ್ಟಲು, ಇನ್ನೊಂದು ತುದಿಗೆ ಮುಳ್ಳು. ಕೋಲಿನ ಮೇಲೆ ಜಾರುವ ಬಿಲ್ಲೆಯನ್ನು ಬೇಕಾದ ತೂಕದ ಕಚ್ಚಿಗೆ ಸರಿಸಿ, ಬಟ್ಟಲಿಗೆ ಮದ್ದು ಹಾಕಬೇಕು, ಮುಳ್ಳು ಗೆರೆಗೆ ಬಂದು ನಿಂತರೆ ತೂಕ ಸರಿ. ಎರಡರಲ್ಲಿ ಯಾವುದು ನಂಬಿಕೆಗೆ ಅರ್ಹ ಎಂದು ಪರೀಕ್ಷೆ ಮಾಡಿ ಹೇಳಬೇಕಾದವನು ನಾನು. ಪೈಪು ಖರೀದಿ ಮಾಡುವವನಿಗೆ ಅಳತೆ ಗೊತ್ತಿರಲೇಬೇಕಲ್ಲ ಎಂಬುದು ಅವರ ಲೆಕ್ಕ.

ಇದೇನು ಅಕ್ಕಿ ತೂಗಿದ ಹಾಗಲ್ಲ. ಮದ್ದು ಕಡಿಮೆಯಾದರೆ ಗುರಿ ತಪ್ಪಬಹುದು, ಹೆಚ್ಚಾದರೆ ಕೋವಿ ಕೈಯಲ್ಲೇ ಸಿಡಿಯಬಹುದು ಎಂದು ತಕ್ಕಡಿಯ ಜೊತೆ ಬಂದಿದ್ದ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ಅದನ್ನು ಓದಿದ ಮೇಲೆ ನನಗೆ ಊಟ ಸೇರಲಿಲ್ಲ.

ತಕ್ಕಡಿಯ ಪೆಟ್ಟಿಗೆಯಲ್ಲಿ ಪರೀಕ್ಷೆಗೆಂದು ಒಂದು ಪುಟ್ಟ ಹಿತ್ತಾಳೆಯ ತೂಕವೂ ಬಂದಿತ್ತು. ಅದನ್ನು ಡಿಜಿಟಲ್ ಮೇಲೆ ಇಟ್ಟೆ. ಸರಿಯಾದ ಅಂಕಿ ಬಂತು. ಶಾಭಾಸ್ ಎಂದು ತೆಗೆದು ಇನ್ನೊಮ್ಮೆ ಇಟ್ಟೆ. ಬೇರೆ ಅಂಕಿ! ಕಾರಣ ಹುಡುಕಿದರೆ ತಲೆಯ ಮೇಲಿನ ಏಸಿ. ಅದರ ಗಾಳಿ ಬೀಸಿದಾಗೆಲ್ಲ ಅಂಕಿ ಕುಣಿಯುತ್ತಿತ್ತು. ಏಸಿ ಆರಿಸಿದೆ. ಮೇ ತಿಂಗಳ ದೋಹಾ, ತಗಡಿನ ಕ್ಯಾಬಿನ್. ಬೆವರಿನ ಹನಿ ಮೂಗಿನ ತುದಿಯಿಂದ ನೇರ ತಟ್ಟೆಗೆ ಬಿತ್ತು. ಯಂತ್ರ ನನ್ನ ಬೆವರನ್ನೂ ಶ್ರದ್ಧೆಯಿಂದ ತೂಗಿ ತೋರಿಸಿತು. ಅಷ್ಟು ವರ್ಷ ಗಲ್ಫಿನಲ್ಲಿ ಬೆವರು ಸುರಿಸಿದ್ದೆನಲ್ಲ, ಅದಕ್ಕೊಂದು ತೂಕ ಉಂಟು ಎಂದು ಒಪ್ಪಿಕೊಂಡದ್ದು ಅದೊಂದೇ.

ಕೋಲಿನ ತಕ್ಕಡಿಯೇನು ಸಾಧುವಲ್ಲ. ಲೇಬರ್ ಕ್ಯಾಂಪಿನ ಬಸ್ಸು ಹೊರಗಿನ ರಸ್ತೆಯಲ್ಲಿ ಹೋದರೆ ಇಲ್ಲಿ ಮುಳ್ಳು ತೂಗಾಡುತ್ತಿತ್ತು. ಬಾಗಿಲು ತೆರೆದರೆ ಸಿಟ್ಟು, ಉಸಿರು ಬಿಟ್ಟರೆ ಸಿಟ್ಟು. ಏಸಿಯ ಗಾಳಿಗೆ ರಟ್ಟಿನ ಪೆಟ್ಟಿಗೆ ಅಡ್ಡ ಇಟ್ಟು, ಬಸ್ಸು ಹೋಗುವ ತನಕ ಕಾದು, ಬಾಯಿ ಮುಚ್ಚಿ ಕೂತರೆ ಮಾತ್ರ ಅದು ಸಮಾಧಾನವಾಗಿ ಗೆರೆಗೆ ಬಂದು ನಿಲ್ಲುತ್ತಿತ್ತು. ಆದರೆ ನಿಂತ ಮೇಲೆ ಮಾತು ಬದಲಿಸುತ್ತಿರಲಿಲ್ಲ. ಹಿತ್ತಾಳೆಯ ತೂಕವನ್ನು ಎಷ್ಟು ಸಲ ಇಟ್ಟರೂ ಅದೇ ಗೆರೆ. ಡಿಜಿಟಲ್‌ಗೂ ಅದೇ ರಟ್ಟಿನ ಮರೆ ಕಟ್ಟಿ ನೋಡಿದೆ. ಬೆಳಗ್ಗೆ ಒಂದು ಹೇಳಿದ್ದು ಮಧ್ಯಾಹ್ನ ಇನ್ನೊಂದು ಹೇಳಿತು.

ನಾನು ಸತ್ಯ ಕಂಡುಕೊಂಡೆ. ಕಷ್ಟ ಶುರುವಾದದ್ದು ಅಲ್ಲಿಂದ. ಕಫೀಲರಿಗೆ ಡಿಜಿಟಲ್ ಮೇಲೆ ಪ್ರೀತಿ ಹುಟ್ಟಿತ್ತು. ಆ ನೀಲಿ ಬೆಳಕನ್ನು ಅವರು ಮಗುವಿನ ಮುಖ ನೋಡಿದಂತೆ ನೋಡುತ್ತಿದ್ದರು. ಹೆಂಡತಿಯ ತಮ್ಮನ ಎದುರಿಗೇ, ನನ್ನ ಹತ್ತಿರ ಕಂಪ್ಯೂಟರಿನಂಥ ತಕ್ಕಡಿ ಇದೆ ಎಂದು ಜಂಬ ಕೊಚ್ಚಿಯೂ ಬಂದಿದ್ದರು.

ಈ ಸುದ್ದಿಯನ್ನು ನನಗೆ ತಂದವರು ನಮ್ಮ ಅಕೌಂಟೆಂಟ್. ನನಗಿಂತ ಹತ್ತು ಹದಿನೈದು ವರ್ಷ ಹಿರಿಯರು, ಯಾವಾಗಲೂ ಸಫಾರಿ ಸೂಟು. ಅವರ ಮನೆಮಾತು ಕೊಂಕಣಿ, ನನ್ನದು ತುಳು. ಹಾಗಾಗಿ ನಮ್ಮ ಜಗಳ, ಸಂಧಾನ ಎಲ್ಲ ಮಂಗಳೂರು ಕನ್ನಡದಲ್ಲೇ. ಅವರೂ ರಜೆ ಕೇಳಿದ್ದರು. ಕಾರಣ, ಊರಿನಲ್ಲಿ ಹಲಸಿನ ಹಣ್ಣಿನ ಕಾಲ. ಮರದಲ್ಲೇ ಕೊಳೆತು ಬೀಳ್ತದೆ ಮಾರಾಯ, ಹೊಟ್ಟೆ ಉರಿಯುತ್ತದೆ ಎಂದು ನಿಜವಾಗಿಯೂ ಕಣ್ಣಲ್ಲಿ ನೀರು ತಂದುಕೊಂಡಿದ್ದರು.

"ನೋಡು, ನಾಳೆ ಕೇಳ್ತಾರೆ. ಡಿಜಿಟಲ್ ಅಂತ ಹೇಳಿಬಿಡು," ಎಂದರು. "ಪೇಪರಿಗೆ ಸಹಿ ಬೀಳ್ತದೆ. ಗಾಳಿ ಬಂದಾಗ ತೂರಿಕೊಳ್ಳಬೇಕು."

"ಅದು ಸುಳ್ಳು ತೂಕ ತೋರಿಸ್ತದಲ್ಲ ಅಣ್ಣ. ಕೋವಿ ಸಿಡಿದ್ರೆ?"

"ನಿನ್ನ ಕೈಯಲ್ಲಾ ಸಿಡಿಯೂದು?"

"ಅವರೂ ಹೆಂಡತಿ ಮಕ್ಕಳಿರುವ ಮನುಷ್ಯ ಅಲ್ವಾ ಅಣ್ಣ. ಸತ್ಯಕ್ಕೆ ಸಾವಿಲ್ಲ ಅಂತ ಹೇಳ್ತಾರೆ."

"ಸಾವಿಲ್ಲ, ಹೌದು. ಸತ್ಯಕ್ಕೆ ರಜೆಯೂ ಇಲ್ಲ, ಅದೂ ಗೊತ್ತಿರಲಿ," ಎಂದು ಅವರು ಎದ್ದು ಹೋದರು.

ಮರುದಿನ ಕಫೀಲರು ನಮ್ಮಿಬ್ಬರನ್ನೂ ಕರೆಸಿದರು. ಹಿಂದಿ, ಅರಬಿ, ಇಂಗ್ಲಿಷ್ ಮೂರನ್ನೂ ಕಲಸಿ ಮಾತಾಡುವುದು ಅವರ ಕ್ರಮ. ಮೊದಲು ಅಕೌಂಟೆಂಟರನ್ನು ಕೇಳಿದರು. ಅವರು ಕ್ಯಾಬಿನ್ನಿನೊಳಗೆ ಕಾಲಿಟ್ಟವರೇ ಅಲ್ಲ. ಆದರೂ ಎದೆಯುಬ್ಬಿಸಿ, "ಡಿಜಿಟಲ್, ಸರ್. ನಂಬರ್ ಒನ್. ನಿಮ್ಮ ಆಯ್ಕೆ ಅಂದ ಮೇಲೆ ಮಾತೇ ಇಲ್ಲ," ಎಂದರು. ಕಫೀಲರು ನನ್ನ ಕಡೆ ತಿರುಗಿದರು. ನನ್ನ ಜೇಬಿನಲ್ಲಿ ಎಕ್ಸಿಟ್ ಪೇಪರ್. ಕಣ್ಣೆದುರು ತಂಗಿಯ ಮುಖ. ಡಿಜಿಟಲ್ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮೇಜಿನ ಮೇಲೆ ಅವರ ಬಲಗೈ ಇತ್ತು. ದಪ್ಪ ಬೆರಳುಗಳು, ಒಂದರಲ್ಲಿ ಬೆಳ್ಳಿಯ ಉಂಗುರ. ಅದನ್ನು ನೋಡಿದ ಮೇಲೆ ನನ್ನಿಂದ ಆಗಲಿಲ್ಲ.

"ಕೋಲಿನ ತಕ್ಕಡಿ, ಸರ್," ಎಂದೆ. "ಡಿಜಿಟಲ್ ಸುಳ್ಳು ಹೇಳುತ್ತದೆ. ನಿಮ್ಮ ಕೈಗೆ ಅಪಾಯ."

ಅಕೌಂಟೆಂಟರು ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ಕಫೀಲರು ಎದ್ದರು, ಮೇಜು ಬಳಸಿ ಬಂದರು. ಹೊಡೆದೇ ಬಿಡುತ್ತಾರೆ ಎಂದುಕೊಂಡೆ. ಅವರು ನನ್ನ ಹೆಗಲು ಹಿಡಿದು ಅಪ್ಪಿಕೊಂಡರು! "ಸದೀಕ್, ಗೆಳೆಯಾ! ಎಲ್ಲರೂ ನನಗೆ ಹೌದು ಹೌದು ಅನ್ನುತ್ತಾರೆ. ನೀನೊಬ್ಬ ನನ್ನ ಕೈ ಉಳಿಸಿದೆ!" ಅವರ ಕಣ್ಣು ತುಂಬಿತ್ತು, ನನ್ನದೂ ತುಂಬಿತು. ಇದೇ ಸಮಯ ಎಂದು ಜೇಬಿನಿಂದ ಪೇಪರ್ ತೆಗೆದು ಮುಂದೆ ಹಿಡಿದೆ.

ಅವರು ಓದಿದರು. ಮಡಚಿ, ಬಹಳ ಪ್ರೀತಿಯಿಂದ, ನನ್ನ ಜೇಬಿಗೇ ವಾಪಸು ಇಟ್ಟರು.

"ಬಾದೇನ್. ಪಂದ್ಯ ಮುಗಿಯಲಿ. ನೀನು ಹೋದರೆ ಮದ್ದು ತೂಗುವವರು ಯಾರು? ಇವನಾ?" ಎಂದು ಅಕೌಂಟೆಂಟರ ಕಡೆ ಗಡ್ಡ ಎತ್ತಿ ತೋರಿಸಿದರು. "ಇವನ ಮಾತು ಕೇಳಿದ್ದರೆ ನನ್ನ ಕೈ ಖಲಾಸ್. ಇವನು ನನಗೆ ಇಲ್ಲಿ ಬೇಡ. ಇವನ ಪೇಪರ್ ಎಲ್ಲಿ? ತಾ, ಯಲ್ಲಾ, ಬೇಗ!"

ಅಲ್ಲೇ, ನಿಂತ ನಿಲುವಿನಲ್ಲೇ, ಅಕೌಂಟೆಂಟರ ಎಕ್ಸಿಟ್ ಪೇಪರಿಗೆ ಸಹಿ ಬಿತ್ತು. ಸುಳ್ಳು ಹೇಳಿದವನಿಗೆ ಹಲಸಿನ ಹಣ್ಣು, ನಿಜ ಹೇಳಿದವನಿಗೆ ತಗಡಿನ ಕ್ಯಾಬಿನ್. ಹೊರಗೆ ಬಂದು ಅವರು, "ಮಾಡಿದ್ದುಣ್ಣೋ ಮಾರಾಯ," ಎಂದರು. ಆದರೆ ಮುಖ ಸಣ್ಣದು ಮಾಡಿಕೊಂಡೇ ಹೇಳಿದರು. ಆಮೇಲೆ, "ಸೀರೆ ಕೊಡು, ಮದುವೆಗೆ ನಾನೇ ಹೋಗಿ ಮುಟ್ಟಿಸ್ತೇನೆ," ಎಂದರು. ಕೊಟ್ಟೆ. ನನಗೆ ಅವರ ಮೇಲೆ ಸಿಟ್ಟು ಬಂತು, ಕಫೀಲರ ಮೇಲೆ ಬಂತು, ಎಲ್ಲಕ್ಕಿಂತ ಹೆಚ್ಚು ನನ್ನ ಹಾಳು ನಾಲಿಗೆಯ ಮೇಲೆ ಬಂತು.

ಆಮೇಲೂ ನಾನು ಕೇಳದೆ ಬಿಡಲಿಲ್ಲ. ಮದುವೆಗೆ ಮಾತ್ರ ಹೋಗಿ ತಿರುಗಿ ಬರುತ್ತೇನೆ ಎಂದೆ, ತಾಯಿಯ ಆಣೆ ಇಟ್ಟೆ. "ನೀನು ಒಳ್ಳೆಯ ಮನುಷ್ಯ," ಎಂದು ಬೆನ್ನು ತಟ್ಟಿದರೇ ಹೊರತು ಪೆನ್ನು ತೆಗೆಯಲಿಲ್ಲ. ಮದುವೆಯ ದಿನವೂ ನಾನು ಕ್ಯಾಬಿನ್ನಿನಲ್ಲಿದ್ದೆ, ಎದುರಿನಲ್ಲಿ ಕಫೀಲರು ಚಿಪ್ಪು ಒತ್ತುತ್ತಿದ್ದರು. ಧಾರೆಯ ಹೊತ್ತಿಗೆ ಅಮ್ಮನ ಫೋನು ಬಂತು. ಕಿವಿಗೆ ಹಿಡಿಯಲು ಕಫೀಲರು ಅಪ್ಪಣೆ ಕೊಟ್ಟರು. "ಆದರೆ ಮಾತಾಡಬೇಡ, ಉಸಿರು ಬಿಡಬೇಡ, ಮುಳ್ಳು ಅಲ್ಲಾಡುತ್ತದೆ," ಎಂದು ಬೆರಳು ತೋರಿಸಿದರು. ವಾದ್ಯ ಕೇಳಿಸಿತು. ಹೆಂಗಸರ ಗೌಜು ಕೇಳಿಸಿತು. "ಮಗಾ, ಕೇಳ್ತಾ ಉಂಟಾ? ಧಾರೆ ಆಗ್ತಾ ಉಂಟು," ಎಂದು ಅಮ್ಮ ಕೂಗುತ್ತಿದ್ದರು. ನಾನು ಮುಳ್ಳು ನೋಡುತ್ತಾ ಉಸಿರು ಬಿಗಿ ಹಿಡಿದು ಕೂತಿದ್ದೆ. "ಲೈನು ಕಟ್ಟಾಯ್ತು ಅಂತ ಕಾಣ್ತದೆ," ಎಂದು ಅಮ್ಮ ಯಾರಿಗೋ ಹೇಳಿ ಫೋನು ಇಟ್ಟರು.

ತಿಂಗಳ ಕೊನೆಗೆ ಪಂದ್ಯ ಆಯಿತು. ನಾನು ಗ್ರೇನ್ ಎಂಬ ಮದ್ದಿನ ಆ ಪುಟ್ಟ ಅಳತೆಯ ಹತ್ತನೆಯ ಪಾಲಿಗೂ ತಪ್ಪದೆ ತೂಗಿಕೊಟ್ಟ ತೋಟೆಗಳನ್ನು ಕಫೀಲರು ಗುರಿಹಲಗೆಯ ಸುತ್ತಮುತ್ತಲಿನ ಮಣ್ಣಿಗೆ ಸಮನಾಗಿ ಹಂಚಿದರು. ಅವರ ಹೆಂಡತಿಯ ತಮ್ಮ ಅಂಗಡಿಯ ತೋಟೆ ತಂದು, ಆಕಳಿಸುತ್ತಾ ಹಾರಿಸಿ ಗೆದ್ದರು. ಮರುದಿನ ಕಫೀಲರು ಗಾಳಿಯದ್ದೇ ತಪ್ಪು ಎಂದರು. ನಾನು ಪೇಪರ್ ಮುಂದಿಟ್ಟೆ. ಏನೆಂದು ನೋಡದೆಯೇ ಸಹಿ ಹಾಕಿದರು.

ಊರಿಗೆ ಹೋದವನು ನೇರ ತಂಗಿಯ ಗಂಡನ ಮನೆಗೆ ಹೋದೆ. ಅವಳು ಕಾಫಿ ಕೊಟ್ಟಳು, ನೀರುದೋಸೆ ಕೊಟ್ಟಳು, ನಕ್ಕಳು, ಆಲ್ಬಮ್ ತಂದು ಪಕ್ಕ ಕೂತಳು. ಧಾರೆಯ ಫೋಟೋ ಬಂತು. ಸೋದರಮಾವ ಗಿಂಡಿ ಹಿಡಿದಿದ್ದರು. ಮಾವನ ಕೈಗೆ ತಾಗಿಕೊಂಡು ಒಂದು ಸಫಾರಿ ಸೂಟಿನ ತೋಳು.

"ಅಣ್ಣನ ಜಾಗದಲ್ಲಿ ದೋಹಾದಿಂದ ಬಂದವರ ಕೈಯಾದರೂ ಇರಲಿ ಅಂತ ನಾನೇ ಹೇಳಿದ್ದು," ಎಂದಳು. ಫೋಟೋದ ಮೇಲಿನ ಹಾಳೆ ಸರಿಪಡಿಸಿದಳು. "ಅವರು ಎಲ್ಲಾ ಹೇಳಿದ್ರು ಅಣ್ಣ. ನನಗೋಸ್ಕರ ಒಂದು ಸುಳ್ಳು ಹೇಳ್ಳಿಕ್ಕೆ ಆಗ್ಲಿಲ್ಲವಾ ನಿನಗೆ?"

"ಹೇಳಿದ್ರೆ ಆ ಮನುಷ್ಯನ ಕೈ ಹೋಗ್ತಿತ್ತು ಮಗಾ," ಎಂದೆ.

"ಅವರ ಕೈ ಉಳೀತಲ್ಲ, ಒಳ್ಳೇದಾಯ್ತು," ಎಂದಳು. "ನನ್ನ ಧಾರೆಗೆ ನಿನ್ನ ಕೈ ಇರ್ಲಿಲ್ಲ."