ಮೇಡಂ ತಿದ್ದದೆ ಬಿಟ್ಟ ಹೆಸರು

ನನ್ನ ಎಂ.ಡಿ. ಥೀಸಿಸ್‌ಗೆ ಗೈಡ್ ಆಗಿದ್ದ ಮೇಡಂ ಅವರನ್ನು ನೆನೆದರೆ ಮೊದಲು ಕೇಳುವುದು ಲ್ಯಾಪ್‌ಟಾಪ್ ಪರದೆಯ ಮೇಲೆ ಅವರು ಉಗುರು ಕುಟ್ಟುವ ಸದ್ದು. "ಇದು ತಪ್ಪು. ಸರಿ ಮಾಡು." ಉಲ್ಲೇಖಗಳ ಪಟ್ಟಿಯನ್ನು ಸಾಫ್ಟ್‌ವೇರೇ ಜೋಡಿಸಿಕೊಡುತ್ತದೆ ಎಂದು ನವಿ ಮುಂಬೈಯ ನಮ್ಮ ಕಾಲೇಜಿನಲ್ಲಿ ಎಲ್ಲರೂ ನಿಶ್ಚಿಂತರಾಗಿದ್ದೆವು. ಅವರು ಮಾತ್ರ ಒಂದೊಂದು ಅಲ್ಪವಿರಾಮಕ್ಕೂ ಉಗುರು ಕುಟ್ಟುವರು.

ಒಂದು ದಿನ ಆ ಪಟ್ಟಿಯಲ್ಲಿ ಅವರದೇ ಲೇಖನ ಬಂತು. ಅವರ ಹೆಸರಿನ ಕೊನೆಗಿರುವುದು ಮನೆತನದ ಹೆಸರಲ್ಲ, ಅಪ್ಪನ ಹೆಸರು. ಸಾಫ್ಟ್‌ವೇರಿಗೆ ಅದು ಹೇಗೆ ಗೊತ್ತಾಗಬೇಕು? ಮನೆತನದ ಹೆಸರು ಮೊದಲು ಬರಬೇಕೆಂಬ ಪಟ್ಟಿಯ ರೂಢಿಯಂತೆ ಅಪ್ಪನ ಹೆಸರನ್ನು ಪೂರ್ತಿಯಾಗಿ ಮುಂದಿಟ್ಟು, ಮೇಡಂ ಹೆಸರನ್ನು ಹಿಂದೆ ಒಂದೇ ಅಕ್ಷರಕ್ಕೆ ಇಳಿಸಿತ್ತು.

"ಮೇಡಂ, ಇದನ್ನು ಸರಿ ಮಾಡ್ತೇನೆ" ಎಂದೆ.

ಮೇಡಂ ಕನ್ನಡಕ ತೆಗೆದು ದುಪಟ್ಟಾದಿಂದ ನಿಧಾನವಾಗಿ ಒರೆಸಿದರು.

"ಅದೊಂದು ಹಾಗೇ ಇರ್ಲಿ ಮಾರಾಯ್ತಿ. ಅಪ್ಪ ಮಾಜಿವಾಡಾದ ಹೋಟೆಲಲ್ಲಿ ದೋಸೆ ಹೊಯ್ದು ನನ್ನನ್ನು ಓದಿಸಿದ್ದು. ಹಿಂದೆ ಬೇರೊಬ್ಬರ ಪಟ್ಟಿಯಲ್ಲೂ ಹೀಗೇ ಬಂದಿತ್ತು, ಅದನ್ನು ಅಪ್ಪನಿಗೆ ಮೊಬೈಲಲ್ಲಿ ತೋರಿಸಿದ್ದೆ. ಈಗ ತಿಂಡಿಗೆ ಬರುವ ಡಾಕ್ಟರುಗಳ ಹತ್ರ, 'ನನ್ನ ಪೇಪರ್ ಓದಿದ್ದೀರಾ?' ಅಂತ ಕೇಳ್ತಾರೆ."