ಬಣ್ಣ ಬೇಡವಾಗಿದ್ದ ಗೋಡೆ

ಬಡಗಿಗಳು ಬಳಸುವ ಚಪ್ಪಟೆ ಕೆಂಪು ಪೆನ್ಸಿಲೊಂದು ಸೆಕ್ರೆಟರಿ ಆಂಟಿಯ ಬಲಗಿವಿಯ ಹಿಂದೆ ಸದಾ ಸಿಕ್ಕಿಕೊಂಡಿರುತ್ತಿತ್ತು. ರಕ್ತದೊತ್ತಡ ನೋಡಿಸಿಕೊಳ್ಳಲು ಕ್ಲಿನಿಕ್ಕಿಗೆ ಬಂದಾಗಲೂ ತೆಗೆಯುತ್ತಿರಲಿಲ್ಲ. ನಾನು ಅಲ್ಲಿ ನರ್ಸ್. ಕ್ರೈಸ್ಟ್‌ಚರ್ಚ್‌ನಿಂದ ಒಂದು ಗಂಟೆ ದೂರದ ಆ ಹಳ್ಳಿಗೆ ದಿನಾ ಕಾರು ಓಡಿಸಿ ನನ್ನ ಸೊಂಟ ಬಿದ್ದುಹೋಗಿತ್ತು. ಆಂಟಿ ಬಂದ ದಿನ ಮಾತ್ರ ಸ್ವಲ್ಪ ನಗುತ್ತಿದ್ದೆ.

ಊರಿನ ಹಳೆಯ ಹಾಲ್‌ನ ಸಮಿತಿಗೆ ಅವರು ಸೆಕ್ರೆಟರಿ. ಮರದ ಕಟ್ಟಡ, ಅವರ ಅಜ್ಜನ ಕಾಲದವರು ಕಟ್ಟಿದ್ದು. ಒಳಗೋಡೆಯ ಹಲಗೆಗಳು ರಿಮು ಎಂಬ ಅಲ್ಲಿಯ ಕಾಡುಮರದವು; ಅವಕ್ಕೆ ಕಟ್ಟಿದಂದಿನಿಂದ ಬಣ್ಣ ಸೋಕಿರಲಿಲ್ಲ. ಭೂಕಂಪದಲ್ಲಿ ಅಡಿಪಾಯ ಸರಿದಿತ್ತು. ಗಟ್ಟಿ ಮಾಡಿಸದಿದ್ದರೆ ಬೀಗ ಹಾಕುವುದಾಗಿ ಕೌನ್ಸಿಲ್ ಗಡುವು ಕೊಟ್ಟಿತ್ತು. ಉಳಿದ ದಾರಿ ಒಂದೇ, ಮೂಲ ರೂಪ ಕೆಡದ ಹಳೆಯ ಕಟ್ಟಡಗಳಿಗೆಂದು ಸಿಗುವ ಸಣ್ಣ ಅನುದಾನ.

ಆಂಟಿ ಅರ್ಜಿಯನ್ನು ಮೊದಲು ಪೆನ್ಸಿಲಿನಲ್ಲಿ ತುಂಬಿ, ಓದಿ, ಉಸ್ಸಪ್ಪಾ ಎಂದು ಅಳಿಸಿ, ಮತ್ತೆ ತುಂಬುತ್ತಿದ್ದರು. ಎರಡು ಸಲ ವಾಪಸ್ ಬಂದಿತ್ತು. "ಅರ್ಜಿಗೇನು, ಅದು ದಣಿಯೋದಿಲ್ಲ. ದಣಿಯೋದು ನಾನು," ಎನ್ನುತ್ತಿದ್ದರು. ಒಮ್ಮೆ ತೋಳಿಗೆ ಪಟ್ಟಿ ಸುತ್ತುತ್ತಿದ್ದಾಗ ಹೇಳಿದರು: "ಅಪ್ಪ, ಅಮ್ಮ, ನನ್ನ ಗಂಡ, ಎಲ್ಲರನ್ನೂ ಕಡೆಯ ಪಯಣಕ್ಕೆ ಆ ಹಾಲ್‌ನಿಂದಲೇ ಕಳಿಸಿಕೊಟ್ಟೆ. ನನ್ನನ್ನೂ ಅಲ್ಲಿಂದಲೇ ಕಳಿಸಬೇಕು. ಬೇರೆ ಆಸೆ ಇಲ್ಲ, ಡಿಯರ್."

ಆ ವರ್ಷ ದೀಪಾವಳಿಗೆ ನಮಗೆಲ್ಲಿಯೂ ಜಾಗ ಸಿಕ್ಕಿರಲಿಲ್ಲ. ನಾವು ಐದು ಮನೆಯವರು, ಎಲ್ಲರೂ ಧಾರವಾಡ, ಗದಗದ ಕಡೆಯವರು. ಆಂಟಿಯನ್ನು ಕೇಳಿದೆ. ಮರುಮಾತಿಲ್ಲದೆ ಬೀಗದ ಕೈ ಕೊಟ್ಟರು. ಶನಿವಾರ ಹೋಗಿ ಬಾಗಿಲು ತೆಗೆದವರೇ ನನ್ನ ಯಜಮಾನರು ಹುಬ್ಬು ಗಂಟಿಕ್ಕಿದರು.

"ಏನ ಇದು, ಗ್ವಾಡಿ ಇಷ್ಟ ಕರ್ರಗ! ಲಕ್ಷ್ಮಿ ಬಾಗಲದಾಗಿಂದನ ವಾಪಸ್ ಹೋಗ್ತಾಳ. ಹಬ್ಬಕ್ಕ ಸುಣ್ಣ-ಬಣ್ಣ ಬ್ಯಾಡೇನು?"

"ಪಾಪ, ಪುಕ್ಕಟೆ ಕೊಟ್ಟಾರ. ನಾವೂ ಒಂದೀಟು ಋಣ ತೀರಿಸೂಣ್ರಿ," ಎಂದೆ. ಹೌದು, ಹಾಗೆಂದವಳು ನಾನೇ. ಸಂಜೆಯೊಳಗೆ ನಾಲ್ಕೂ ಗೋಡೆ ಕೆನೆಬಣ್ಣಕ್ಕೆ ತಿರುಗಿದವು. ನಮಗೆ ನಾವೇ ಶಭಾಸ್ ಎಂದುಕೊಂಡೆವು.

ಮರುದಿನ ಬಂದ ಆಂಟಿ ಬಾಗಿಲಲ್ಲೇ ನಿಂತುಬಿಟ್ಟರು. ಖುಷಿಗೆ ಮಾತು ಹೊರಡುತ್ತಿಲ್ಲವೆಂದು ತಿಳಿದೆ ನಾನು, ದಡ್ಡಿ! ಹಬ್ಬಕ್ಕೆ ನಾವು ಮನೆಗೆ ಬಣ್ಣ ಹೊಡೆಯುತ್ತೇವೆಂದು ಉತ್ಸಾಹದಿಂದ ವಿವರಿಸಿದೆ. "ತುಂಬಾ ಕಷ್ಟಪಟ್ಟಿದ್ದೀರಿ," ಎಂದರು. ಎರಡು ಕರ್ಚಿಕಾಯಿ ತಿಂದು ಹೋದರು.

ಗುರುವಾರ ಬೀಗದ ಕೈ ಹಿಂದಿರುಗಿಸಲು ಹೋದಾಗ ಅನುದಾನದ ಪರಿಶೀಲನೆಗೆ ಬಂದವನು ಒಳಗಿದ್ದ. ಗೋಡೆಯನ್ನು ಉಗುರಿನಿಂದ ಕೆರೆದು ನೋಡಿದ. "ಬಣ್ಣವಿಲ್ಲದ ಮೂಲ ಹಲಗೆಗಳು ಅಂತ ಬರೆದಿದ್ದೀರಿ. ಇದನ್ನು ಯಾರು ಮಾಡಿದ್ದು?"

ನಾನು ಬಾಯಿ ತೆರೆಯುವಷ್ಟರಲ್ಲಿ ಆಂಟಿ ನನ್ನ ಮಣಿಕಟ್ಟು ಹಿಡಿದರು. "ಸಮಿತಿ. ಸೆಕ್ರೆಟರಿ ನಾನೇ, ಬರೆದುಕೊಳ್ಳಿ."

ಅವನು ಹೋದ ಮೇಲೆ ನಾನು ಅತ್ತೆ. ಆಂಟಿ ಕುರ್ಚಿ ಎಳೆದುಕೊಂಡು ಕುಳಿತರು. "ಮನೆಗೆ ಬಣ್ಣ ಹೊಡೀತೀವಿ ಅಂದೆಯಲ್ಲ? ಇದನ್ನು ಮನೆ ಅಂದುಕೊಂಡೇ ಹೊಡೆದಿರಿ. ಯಾರನ್ನು ಬೈಯಲಿ ನಾನು?" ಬೈದಿದ್ದರೆ ಚೆನ್ನಾಗಿತ್ತು.

ಆ ಅರ್ಜಿಯೂ ವಾಪಸ್ ಬಂತು. ಮತ್ತೆ ಅರ್ಜಿ ಹಾಕಲೆಂದು ಎರಡು ಚಳಿಗಾಲ ಪ್ರತಿ ಶನಿವಾರ ಆಂಟಿಯೂ ನಾನೂ ಹಲಗೆ ಕೆರೆದೆವು. ಬಣ್ಣ ಮರದ ಎಳೆಯೊಳಗೆ ಇಳಿದಿತ್ತು. ನನ್ನ ಭುಜ ನೋಯುತ್ತಿತ್ತು. ಅವರಿಗೆ ಉಸಿರೇ ಸಾಲುತ್ತಿರಲಿಲ್ಲ. ಮೂರು ಗೋಡೆ ಮುಗಿಯುವಾಗ ಗಡುವು ತೀರಿತು. ಕೌನ್ಸಿಲ್ ಬೀಗ ಹಾಕಿತು. ಮುಂದಿನ ತಿಂಗಳೇ ಆಂಟಿ ನಿದ್ದೆಯಲ್ಲಿ ಹೋದರು.

ಹಾಲ್‌ನ ಮುಂದಿನ ಹುಲ್ಲಿನ ಮೇಲೆ, ಜಿನುಗು ಮಳೆಯಲ್ಲಿ, ಅವರನ್ನು ಕಳಿಸಿಕೊಟ್ಟೆವು. ಒಳಗೆ ಬಿಡಲಿಲ್ಲ. ಒಂದು ಪಿಕಪ್ ಗಾಡಿಯ ಹಿಂಬದಿಯಲ್ಲಿ ಸ್ಯಾಂಡ್‌ವಿಚ್, ಟೀ ಇಟ್ಟಿದ್ದರು; ನಾನು ಬಗ್ಗಿಸಿ ಕೊಡುತ್ತಿದ್ದೆ. ಸಮಿತಿಯ ಅಧ್ಯಕ್ಷ, ಮುದುಕ ರೈತ, ಎದುರು ಬಂದಾಗ ನನಗೆ ತಡೆಯಲಾಗಲಿಲ್ಲ.

"ಆ ಬಣ್ಣ ಹೊಡೆದದ್ದು ಸಮಿತಿಯಲ್ಲ. ನಾವು."

"ಗೊತ್ತು. ಊರಿಗೆಲ್ಲ ಗೊತ್ತು," ಎಂದ ಅವನು. "ನಿನ್ನ ಮುಂದೆ ಯಾರೂ ಬಾಯಿ ಬಿಡಕೂಡದು ಅಂತ ಅವಳು ಮನೆಮನೆಗೂ ಹೋಗಿ ಹೇಳಿದ್ದಳು."

ನಾನು ಬಗ್ಗಿಸುತ್ತಲೇ ಇದ್ದೆ; ಕಪ್ಪು ತುಂಬಿ ಟೀ ಅವನು ಚಾಚಿದ ಕೈಮೇಲೆ ಚೆಲ್ಲಿತು. ಅವನು ಆ ಒದ್ದೆ ಕೈಯಲ್ಲೇ ಕಪ್ಪನ್ನು ತೆಗೆದುಕೊಂಡು, ನನಗೊಂದು ಕುರ್ಚಿ ಎಳೆದುಕೊಟ್ಟ.